ಮಳೆ ತಾಗದ ದ್ರಾಕ್ಷಿ

ಸೂಲಿಬೆಲೆ
18-4-1973, ಬುಧವಾರ

ಯಜಮಾನರಿಗೆ ಭಾಗ್ಯಮ್ಮನ ನಮಸ್ಕಾರಗಳು.

ನಾನೂ ನಿಮ್ಮ ಮಗಳೂ ಚೆನ್ನಾಗಿದ್ದೇವೆ. ನೀವು ಕೇಳಲಿಲ್ಲ, ಆದರೂ ಬರೆದಿದ್ದೇನೆ.

ಮಗು ಹುಟ್ಟಿ ಮೂರು ವಾರ ಕಳೆಯಿತು. ಮೂರು ಕಾಗದ ಹಾಕಿದಿರಿ, ಮೂರರಲ್ಲೂ ಮಳೆಯದೇ ಮಾತು. ತೂಬಗೆರೆಯಲ್ಲಿ ದಿನಾ ಸಂಜೆ ಸುರಿಯುತ್ತಿದೆ, ದ್ರಾಕ್ಷಿಗೆ ಸಿಹಿ ಏರಿಲ್ಲ, ಸಪ್ಪೆ ಹಣ್ಣನ್ನು ವೈನ್ ಕಾರ್ಖಾನೆಯವರು ಮುಟ್ಟುವುದಿಲ್ಲ, ಬಿಸಿಲು ಬಿದ್ದು ಕೊಯ್ಲು ಮುಗಿಯುವವರೆಗೆ ತೋಟ ಬಿಟ್ಟು ಬರಲಾರೆ ಎಂದಿರಿ. ನಾಮಕರಣಕ್ಕೂ ಬರಲಿಲ್ಲ. ಬಂದವರಿಗೆಲ್ಲ ಅದೇ ಮಳೆಯ ಕಥೆ ಹೇಳಿ ಹೇಳಿ ನಮ್ಮಪ್ಪನಿಗೆ ಸಾಕಾಯಿತು.

ಇವತ್ತು ತೋಟದ ಆಳು ಬೈರಪ್ಪನ ಕೈಲಿ ಒಂದು ಬುಟ್ಟಿ ಹಣ್ಣು ಕಳಿಸಿದ್ದೀರಿ. ಬಾಯಿಗೆ ಹಾಕಿಕೊಂಡೆ. ಬೆಲ್ಲದಂತಿದೆ. ಹಣ್ಣಿನ ಮೇಲಿನ ಬಿಳಿ ಪುಡಿಯೂ ಹಾಗೇ ಇದೆ, ಬೆರಳಿಟ್ಟರೆ ಗುರುತು ಮೂಡುತ್ತದೆ. ಒಂದು ಜೋರು ಮಳೆ ಬಿದ್ದಿದ್ದರೂ ಅದು ತೊಳೆದುಹೋಗುತ್ತಿತ್ತು. ನಾಲ್ಕು ವರ್ಷ ನಿಮ್ಮ ಜೊತೆ ಚಪ್ಪರದ ಕೆಳಗೆ ನಿಂತು ಗೊಂಚಲು ಕತ್ತರಿಸಿದವಳಿಗೆ ಇಷ್ಟೂ ತಿಳಿಯುವುದಿಲ್ಲವೆ? ಯಾರ ಕಿವಿಗೆ ಹೂ ಇಡುತ್ತೀರಿ?

ಮಳೆಯೂ ಇಲ್ಲ, ಹಣ್ಣು ಸಪ್ಪೆಯೂ ಆಗಿಲ್ಲ. ಮತ್ತೆ ತಡೆದದ್ದೇನು? ಹೆಣ್ಣು ಹುಟ್ಟಿತೆಂದು ತಾನೆ? ಅತ್ತೆಯವರು ಏನೋ ಅಂದಿರಬೇಕು, ನೀವು ತಲೆಯಾಡಿಸಿರಬೇಕು. ಮಗಳು ಬೇಡವಾದರೆ ನಾನೂ ಬೇಡವೆಂದೇ ತಿಳಿಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡಿ, ಮಳೆಯ ಮೇಲೆ ಹಾಕಬೇಡಿ.

ಇಂತಿ,
ಭಾಗ್ಯಮ್ಮ

ತಾ.ಕ.: ಕಾಗದ ಮಡಿಸುವ ಮುಂಚೆ ಬೈರಪ್ಪನನ್ನು ಕೂರಿಸಿ ಕೇಳಿದೆ. ತಡವರಿಸಿ ತಡವರಿಸಿ ಕೊನೆಗೆ ಬಾಯಿ ಬಿಟ್ಟ. “ಕೂಸು ಹುಟ್ಟಿದ ಸೋಮವಾರಾನೇ ಆಲಿಕಲ್ಲು ಬಿದ್ದಿದ್ದು ಕಣಕ್ಕ. ನಮ್ಮ ತೋಟದಾಗೆ ಒಂದು ಗೊಂಚಲೂ ಉಳೀಲಿಲ್ಲ. ಮಗೀನ ಕಾಲ್ಗುಣ ಅಂತವ್ರೆ ದೊಡ್ಡಮ್ಮೋರು. ನಿಮಗೆ ಹೇಳ್ಬೇಡ ಅಂದ್ರು ಯಜಮಾನ್ರು.” ಬುಟ್ಟಿಯ ಹಣ್ಣು ನೀವು ಇಲ್ಲೇ ಹತ್ತಿರದ ವಿಜಯಪುರದ ಕಡೆ ಕೊಂಡದ್ದಂತೆ.

ಅತ್ತೆಯವರ ಆ ಮಾತು ನನ್ನ ಕಿವಿಗೆ ಬೀಳದಿರಲೆಂದು ಮುಚ್ಚಿಟ್ಟಿರೋ, ನೀವೂ ಅದನ್ನೇ ನಂಬಿ ಬರದೆ ಉಳಿದಿರೋ, ಬೈರಪ್ಪನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಬಾಣಂತಿ ಹೊರಡಬಾರದೆಂದು ಅಮ್ಮ ಅಡ್ಡ ನಿಂತರೂ ಶುಕ್ರವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಸ್ಸು ನಿಲ್ಲುವಲ್ಲಿಗೆ ನೀವೊಬ್ಬರೇ ಬನ್ನಿ. ಮಗುವನ್ನು ನಿಮ್ಮ ಕೈಗೆ ನೀಡುತ್ತೇನೆ. ಎತ್ತಿಕೊಂಡರೆ ಮನೆಗೆ ಬರುತ್ತೇನೆ, ಇಲ್ಲದಿದ್ದರೆ ಅದೇ ಬಸ್ಸಿಗೆ ವಾಪಸ್ಸು.