ಬ್ರೇಕ್ ಮೇಲಿನ ಕಾಲು

ಮಾರ್ಚ್ 4, ಮಂಗಳವಾರ

ಐದನೇ ಕೀಮೋ ಮುಗಿಯಿತು. ಎದೆಯ ಗಡ್ಡೆ ತೆಗೆದ ಮೇಲೆ ವಾರ ವಾರ ಇದೇ ಪಾಡು. ಎಂದಿನಂತೆ ಇಸ್ತ್ರಿ ಮಾಡಿದ ಉಡುಪು, ಲಿಪ್‌ಸ್ಟಿಕ್, ಚರ್ಚಿನ ಹ್ಯಾಟು. ಬಿಳಿ ಡಾಕ್ಟರ ಮುಂದೆ ನಮ್ಮಂಥ ಕರಿಯರು ಗೋಳಾಡಬಾರದು, ನೀಟಾಗಿ ಹೋದರೆ ನಮ್ಮನ್ನೂ ಮನುಷ್ಯರಂತೆ ಕಾಣುತ್ತಾರೆ — ಅಮ್ಮ ಕಲಿಸಿದ್ದು.

ನರ್ಸ್ ಕ್ರಿಸ್ಟಿನ್, "ಹೇಗಿದೀರಾ?" ಅಂದಳು.

"ದೇವರ ದಯೆ, ಏನೂ ತೊಂದ್ರೆ ಇಲ್ಲಮ್ಮ."

ಅಂಗಾಲು ಜುಮುಜುಮು ಅನ್ನುತ್ತಿತ್ತು. ಹೇಳಲಿಲ್ಲ.

ಮಾರ್ಚ್ 11

ಪಕ್ಕದ ಕುರ್ಚಿಯಲ್ಲಿ ಮಿಸೆಸ್ ಹ್ಯಾಡ್ಲಿ. ಬಿಳಿಯಾಕೆ. ಅದೇ ಕಾಯಿಲೆ, ಅದೇ ಔಷಧಿ. ಆಕೆಯ ಕೈಕಾಲಿಗೆ ಮಾತ್ರ ಐಸ್ ತುಂಬಿದ ಗವಸು!

"ನರ ಸಾಯ್ಬಾರ್ದು ಅಂತ ಕಣ್ರಿ. ಕಾಲು ಜುಮ್ ಅಂತಿದೆ ಅಂದೆ, ಡೋಸ್ ಕೂಡ ಇಳಿಸಿದ್ರು. ನಿಮಗೆ ಕೊಟ್ಟಿಲ್ವಾ?"

ಇಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ... ಡ್ರಿಪ್ ನೋಡಲು ಬಂದ ಕ್ರಿಸ್ಟಿನ್ ನನ್ನತ್ತ ನಕ್ಕಳು. ಆ ನಗು ನನಗೇಕೋ ಹಿಡಿಸಲಿಲ್ಲ.

ಮಾರ್ಚ್ 13, ಬೆಳಿಗ್ಗೆ 9

ನನ್ನ ಬಸ್ಸಿನ ಮೊದಲ ಟ್ರಿಪ್. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೆನೋ ಇಲ್ಲವೋ ಗೊತ್ತಾಗಲಿಲ್ಲ. ಬಗ್ಗಿ ನೋಡಿದರೆ ಕಾಲು ಆಕ್ಸಿಲರೇಟರ್ ಅಂಚಿನಲ್ಲಿ! ಹೇಗೋ ನಿಲ್ಲಿಸಿದೆ. ಬಸ್ಸಿನಲ್ಲಿ ಹತ್ತೊಂಬತ್ತು ಜನ. ಡಿಪೋಗೆ ರಜೆ ಬರೆದುಕೊಟ್ಟು ಬಂದೆ. ಇಪ್ಪತ್ತೆರಡು ವರ್ಷ ಮೆಂಫಿಸ್ ಬೀದಿಗಳಲ್ಲಿ ಬಸ್ಸು ಓಡಿಸಿದವಳು. ಬೇರೆ ಕೆಲಸ ಬಾರದು.

ಮಾರ್ಚ್ 15

ಅರ್ಲೀನಕ್ಕ ಬಂದಿದ್ದಳು. ನನ್ನ ಫೋನಿನಲ್ಲಿ ಆಸ್ಪತ್ರೆಯ ದಾಖಲೆ ತೆಗೆದು ಓದಿದಳು. ಪ್ರತಿ ವಾರವೂ ಒಂದೇ ಸಾಲು. ದೂರು ಇಲ್ಲ. ಜೋಮು ಇಲ್ಲ.

"ಪಾದ ಮುಟ್ಟಿ ನೋಡಿದ್ರೇನೇ?"

"ಶೂನೇ ಬಿಚ್ಚಿಸಿಲ್ಲ ಅಕ್ಕ."

"ನೋಡ್ದ್ಯಾ! ಆ ಹ್ಯಾಡ್ಲಿ ಅಯ್ಯೋ ಅಂದ್ಲು, ಓಡಿಬಂದ್ರು. ನೀನು ಮಹಾರಾಣಿ ಹಂಗೆ ನಗ್ತಾ ಕೂತೆ."

"ಅತ್ತಿದ್ರೆ ನಂಬ್ತಿದ್ರಾ?"

ಅಕ್ಕ ಫೋನು ಕೆಳಗಿಟ್ಟಳು. ನನಗೆ ಎಲ್ಲರ ಮೇಲೂ ಸಿಟ್ಟು. ಅಮ್ಮನ ಮೇಲೂ.

ಮಾರ್ಚ್ 18

ಡಾಕ್ಟರ್ ಪ್ರುಯಿಟ್‌ಗೆ ಹೇಳಿಯೇ ಬಿಟ್ಟೆ. "ಪಾದ ಸತ್ತಿದೆ."

ಕಂಪ್ಯೂಟರ್ ನೋಡಿದ. "ಇಲ್ಲಿ ಹಾಗೇನೂ ಬರೆದಿಲ್ವಲ್ಲ?"

"ಅಲ್ಲಿ ಯಾಕೆ ನೋಡ್ತೀರಿ? ಇಲ್ಲಿ ನೋಡಿ." ಶೂ ಕಿತ್ತೆ.

ಕಣ್ಣು ಮುಚ್ಚಿ ಅಂದ. ಸೂಜಿ ತಾಗಿದಾಗೆಲ್ಲ ಹೇಳಬೇಕಂತೆ. ಕಾದೆ. ಇನ್ನೂ ಕಾದೆ. ಬೇಕೆಂದೇ ಸತಾಯಿಸುತ್ತಿದ್ದಾನೆ ಅನ್ನಿಸಿತು.

"ಯಾವಾಗ ಶುರು ಮಾಡ್ತೀರಿ ಡಾಕ್ಟರೇ?"

ಕಣ್ಣು ಬಿಟ್ಟೆ. ಕ್ರಿಸ್ಟಿನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಹನ್ನೊಂದು ಸಲ ಚುಚ್ಚಿದೆ," ಅಂದ.

ಸ್ಪರ್ಶ ಮರಳಿ ಬರುತ್ತದೆಯೇ ಎಂದು ಕೇಳಿದೆ. ಮತ್ತೆ ಬಸ್ಸು ಓಡಿಸಬಹುದೇ? ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಇಷ್ಟು ದಿನದಲ್ಲಿ ಮೊದಲ ಸಲ. ಆಮೇಲೆ ಹೇಳಿದ, ಮೊದಲೇ ಗೊತ್ತಾಗಿದ್ದಿದ್ದರೆ ಡೋಸ್ ಇಳಿಸುತ್ತಿದ್ದೆ; ಈಗ ಸ್ಪರ್ಶ ಪೂರ್ತಿ ಮರಳುವುದು ಅನುಮಾನ, ಬಸ್ಸು ಓಡಿಸುವುದು ಬೇಡ.