ತಿರುವಿನ ನಂತರದ ಮೊದಲ ಒತ್ತು

ಮಾರ್ಚ್ ೩, ಸೋಮವಾರ

ಕಾರು ತೆಗೆದುಕೊಂಡು ಗುಡ್ಡದ ರಸ್ತೆಯಲ್ಲಿ ಹೋಗಿ ಬಂದೆ. ಬಿಸಿಲು, ಒಣ ರಸ್ತೆ. ಇಳಿಜಾರಿನ ಕೊನೆಯ ತಿರುವು ದಾಟಿ ಬ್ರೇಕ್ ಒತ್ತಿದರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು. ಮೆತ್ತಗೆ ಅಲ್ಲ — ಖಾಲಿ. ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟಂತೆ. ತಕ್ಷಣ ಮತ್ತೊಮ್ಮೆ ಒತ್ತಿದೆ. ಎಂದಿನ ಜಾಗದಲ್ಲೇ ಗಟ್ಟಿಯಾಗಿ ಸಿಕ್ಕಿತು. ಮುಂದೆ ನಿಂತಿದ್ದ ಹಾಲಿನ ವ್ಯಾನಿಗೆ ಮೊಳದಷ್ಟು ದೂರದಲ್ಲಿ ನಿಂತೆ.

ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ.

ಮಾರ್ಚ್ ೪

ಇವರು ಮಗಳ ಮುಖ ನೋಡಿದರು, ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಇಬ್ಬರೂ ನನ್ನ ಬಲಗಾಲು ನೋಡಿದರು.

ಬೆನ್ನಿನ ಆಪರೇಷನ್ ಆದ ಮೇಲೆ ಆ ಪಾದದ ಕಿರುಬೆರಳ ಕಡೆ ಚೂರು ಜೋಮು ಉಳಿದಿದೆ. ನರದ ಡಾಕ್ಟರು ಪರೀಕ್ಷಿಸಿ, ಕಾರು ಓಡಿಸಬಹುದು ಎಂದಿದ್ದಾರೆ. ಆದರೂ ಈ ಮನೆಯಲ್ಲಿ ಈಗ ಲೋಟ ಒಡೆದರೂ ನನ್ನ ಕಾಲೇ ಕಾರಣ.

"ಕಾರಿಗೇನೂ ಆಗಿಲ್ಲ ಅಮ್ಮ. ನಿನ್ನ ಕಾಲಿಗೆ ಗೊತ್ತಾಗ್ತಿಲ್ಲ, ಅಷ್ಟೇ."

ಮಗುವಿಗೆ ಔಷಧಿ ಕುಡಿಸುವ ದನಿ. ಜೋಮು ಹಿಡಿದ ಕಾಲಿಗೆ ನೇರ ರಸ್ತೆಯಲ್ಲಿ ಒಂದು ಬುದ್ಧಿ, ತಿರುವು ದಾಟಿದರೆ ಇನ್ನೊಂದು ಬುದ್ಧಿ ಇರುತ್ತದೆಯೇ? ಕೇಳಲಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ ೭

ಗ್ಯಾರೇಜು. ಇವರೂ ಬಂದರು, ಕರೆಯದೆ. ಮೆಕ್ಯಾನಿಕ್ ಬ್ರೇಕ್ ಆಯಿಲ್ ನೋಡಿದ, ಪೈಪುಗಳನ್ನು ಒರೆಸಿ ನೋಡಿದ. ಎಲ್ಲೂ ಲೀಕ್ ಇಲ್ಲ. ಅಂಗಡಿಯ ಮುಂದಿನ ನೇರ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದ. ಪೆಡಲ್ ಕಲ್ಲಿನ ಹಾಗಿದೆಯಂತೆ. ತಿರುವು ದಾಟಿದ ಮೇಲೆ ಒತ್ತಿ ನೋಡಿ ಎಂದೆ. ತಿರುವು ಬಂತೆಂದು ಬ್ರೇಕಿಗೇನು ಗೊತ್ತಾಗುತ್ತೆ ಮೇಡಂ ಎಂದು ನಕ್ಕ. ಉಳಿದದ್ದನ್ನೆಲ್ಲ ಇವರಿಗೆ ವಿವರಿಸಿದ. ಕಾರು ನನ್ನದು. ಮದುವೆಗೆ ಮೊದಲೇ ಕೊಂಡದ್ದು. ಇವರಿಗೆ ಅದರ ರಿವರ್ಸ್ ಗೇರ್ ಇಂದಿಗೂ ಸಿಗುವುದಿಲ್ಲ.

ಮಾರ್ಚ್ ೧೬

ಒಂದು ವಾರ ಏನೂ ಬರೆದಿಲ್ಲ. ಬರೆದರೆ ಬೈಗುಳವೇ ಆಗುತ್ತಿತ್ತು.

ಇವತ್ತು ನೋಡಿದರೆ ಗೋಡೆಯ ಕೊಂಡಿಯಲ್ಲಿ ಕಾರಿನ ಕೀ ಇಲ್ಲ. ಮಗಳ ಬ್ಯಾಗಿನಲ್ಲಿದೆ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೂಡಿಡುವ ಹಲ್ಲಿನ ಡಾಕ್ಟರೊಬ್ಬರು ಸಿಕ್ಕಿದ್ದಾರಂತೆ. ಮುಂದಿನ ಭಾನುವಾರ ನನ್ನ ಕಾರು ನೋಡಿ ಕೊಳ್ಳಲು ಬರುತ್ತಾರಂತೆ. ಎರಡೇ ಸೀಟು, ಮೊಮ್ಮಗು ಹುಟ್ಟಿದರೆ ಬಾನೆಟ್ ಮೇಲೆ ಕೂರಿಸ್ತೀಯಾ ಎಂದು ಇವರ ತಮಾಷೆ. ಮಗಳೇ ಡಾಕ್ಟರನ್ನು ಕೂರಿಸಿಕೊಂಡು ಗುಡ್ಡದ ರಸ್ತೆಯಲ್ಲಿ ಓಡಿಸಿ ತೋರಿಸುತ್ತಾಳಂತೆ.

ಅಲ್ಲಿಯವರೆಗೆ ಕೋಪ ಇತ್ತು. ಅದನ್ನು ಕೇಳಿ ಹೆದರಿದೆ. ಅವಳ ಕಾಲು ಒಂದೇ ಸಲ ಒತ್ತಿ ನಂಬಿಬಿಡುತ್ತದೆ.

"ಓಡಿಸು. ಆದರೆ ಮೊದಲು ನನ್ನನ್ನ ಕೂರಿಸ್ಕೊಂಡು ಓಡಿಸು. ನಾನು ಹೇಳಿದ ಕಡೆ."

ಮಾರ್ಚ್ ೧೮, ಬೆಳಿಗ್ಗೆ

ಮುಚ್ಚಿದ ಮಿಲ್ಲಿನ ಹಿಂದಿನ ಅಂಗಳ. ಸಿಮೆಂಟು, ಸುತ್ತ ಏನೂ ಇಲ್ಲ. ಬೇಕಾದದ್ದು ತಿರುವು, ಗುಡ್ಡವಲ್ಲ. ಮಗಳ ಕೈಯಲ್ಲಿ ದೊಡ್ಡ ಸುತ್ತು ಹಾಕಿಸಿದೆ — ಟೈರು ಗೊಣಗುವಷ್ಟು. ಸಾಕು, ನೇರ ಮಾಡು, ಈಗ ಒತ್ತು ಎಂದೆ.

ಅವಳ ಮಂಡಿ ಅವಳೇ ಎಣಿಸದಷ್ಟು ಕೆಳಗಿಳಿಯಿತು. ಎರಡನೆಯ ಒತ್ತಿಗೆ ಕಾರು ನಿಂತಿತು.

"ಇದೇನಾ?"

"ಇದೇ."

ಅಂಗೈ ಒರೆಸಿಕೊಂಡಳು. ಅವಳ ಕಾಲಿಗೆ ಜೋಮು ಇಲ್ಲ. ನಾನು ಅದನ್ನು ಹೇಳಲಿಲ್ಲ. ಹೇಳುವ ಆಸೆ ಮಾತ್ರ ಬಹಳ ಇತ್ತು.

ಅಲ್ಲಿಂದ ನಿಧಾನವಾಗಿ ಗ್ಯಾರೇಜಿಗೆ. ಈ ಸಲ ಅವಳೇ ಹೇಳಿದಳು; ಮೆಕ್ಯಾನಿಕ್ ನಗಲಿಲ್ಲ. ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಟಕ್, ಟಕ್. ಚಕ್ರದೊಳಗಿನ ಬೇರಿಂಗ್ ಸವೆದಿದೆ. ತಿರುವಿನಲ್ಲಿ ಚಕ್ರ ವಾಲುತ್ತದೆ, ಜೊತೆಗೆ ಡಿಸ್ಕೂ ವಾಲಿ, ಅದನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲ ಒತ್ತು ಅವನ್ನು ಮತ್ತೆ ಹತ್ತಿರ ತರುವುದಕ್ಕೇ ಮುಗಿದುಹೋಗುತ್ತದೆ. ಇಷ್ಟನ್ನೂ ನನ್ನ ಕಡೆ ತಿರುಗಿ ಹೇಳಿದ.

ಮಾರ್ಚ್ ೨೧

ಹೊಸ ಬೇರಿಂಗ್ ಹಾಕಿದ್ದಾಯಿತು. ಮಿಲ್ಲಿನ ಅಂಗಳದಲ್ಲಿ ಹತ್ತಾರು ಸುತ್ತು ಹಾಕಿ ನೋಡಿದೆ. ಪ್ರತಿ ಸಲವೂ ಪೆಡಲ್ ಮೊದಲ ಒತ್ತಿಗೇ ಸಿಕ್ಕಿತು.

ಇನ್ನು ಮಾತು ಮುಗಿಯಿತು ಎಂದುಕೊಂಡು ಊಟಕ್ಕೆ ಕೂತೆ.

"ಕಾಲಲ್ಲ, ಕಾರೇ ಅಂತ ಗೊತ್ತಾಯ್ತಲ್ಲ ಅಮ್ಮ. ಇಂಥ ಕಾರು ನಮಗ್ಯಾಕೆ?"

ಇವರು ತಲೆಯಾಡಿಸಿದರು. ಈಗಲೇ ಕೊಡೋದು ವಾಸಿ, ಎಲ್ಲ ಸರಿಯಾಗಿದೆ ಎಂದರು.

ಅಂದರೆ: ನನ್ನ ಕಾಲು ಕೆಟ್ಟಿದ್ದರೆ ಕಾರು ಮಾರಬೇಕು. ಕಾರು ಕೆಟ್ಟಿದ್ದರೆ ಕಾರು ಮಾರಬೇಕು. ಎರಡೂ ಸರಿಯಿದ್ದರೆ — ಆಗಲೂ ಕಾರು ಮಾರಬೇಕು. ನಕ್ಕುಬಿಟ್ಟೆ. ಯಾಕೆಂದು ಇಬ್ಬರೂ ಕೇಳಲಿಲ್ಲ.

ಗ್ಯಾರೇಜಿನಿಂದ ತಂದ ಕೀಯನ್ನು ಕೊಂಡಿಗೆ ಹಾಕಲಿಲ್ಲ.

ಮಾರ್ಚ್ ೨೨, ಶನಿವಾರ ಸಂಜೆ

ಹಲ್ಲಿನ ಡಾಕ್ಟರು ನಾಳೆ ಹತ್ತಕ್ಕೆ ಬರುತ್ತಾರೆ. ಮಗಳು ಕಾರು ತೊಳೆದಳು, ಬಹಳ ಚೆನ್ನಾಗಿ. ಬೇಡ ಎನ್ನಲಿಲ್ಲ; ಕೊಳೆಯಾಗಿತ್ತು.

ನಿರ್ಧಾರ ಆಗಿದೆ. ನಾಳೆ ಬಾಗಿಲು ನಾನೇ ತೆಗೆಯುತ್ತೇನೆ. ಕಾರು ಮಾರಾಟಕ್ಕಿಲ್ಲ ಎಂದು ನಾನೇ ಹೇಳುತ್ತೇನೆ, ಇವರಿಬ್ಬರ ಎದುರಿಗೇ. ಕಾರಣ ಕೊಡುವುದಿಲ್ಲ. ಕಾರಿಗೆಂದೇ ಬಂದವರಿಗೆ ಬೇಜಾರಾದರೆ ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ. ಅವರು ಪಕ್ಕದ ಸೀಟಿನಲ್ಲಿ.

ಇವರು ಕೆಳಗಿನಿಂದ ಕೂಗುತ್ತಿದ್ದಾರೆ — ಡಾಕ್ಟರಿಗೆ ನಾಳೆ ಕಾಫಿಯೋ, ಟೀಯೋ ಎಂದು. ಯಾವುದಾದರೂ ಸರಿ, ಬೇಗ ಕುಡಿದು ನನ್ನ ಪಕ್ಕದ ಸೀಟಿಗೆ ಬಂದರೆ ಸಾಕು.