ದರ್ಜಿಯ ಅಳತೆ

ಅಪ್ಪಾ,

ನಿನ್ನೆ ನಿಮಗೆ ಹೇಳದೆ ಕುಸ್ತಿ ಪ್ರದರ್ಶನಕ್ಕೆ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ದರ್ಜಿಯ ವೇಷ ಹಾಕಿ ರಿಂಗಿನಲ್ಲಿ ಸೋಲುವುದೇ ನಿಮ್ಮ ಕೆಲಸವೆಂದು ಇಷ್ಟು ವರ್ಷ ನಾಚಿಕೊಂಡಿದ್ದೆ.

ಬೆಟ್ಟದಂಥ ಎದುರಾಳಿ ಗುಡುಗುತ್ತ ಬಂದಾಗ ನನ್ನ ಜೀವ ಬಾಯಿಗೆ ಬಂತು. ನೀವು ಮಾತ್ರ ಕೊರಳಿನ ಟೇಪು ತೆಗೆದು, "ಸ್ವಲ್ಪ ಕೈ ಎತ್ತಿ ಸ್ವಾಮಿ, ಅಳತೆ ತಗೋಬೇಕು" ಎಂದಿರಿ. ಅವನು ಮಗುವಿನಂತೆ ಎತ್ತಿಬಿಟ್ಟ! ನೀವು ಅವನ ಎದೆ ಅಳೆದು ಜನರತ್ತ ತಿರುಗಿ, "ಇವರಿಗೆ ಎರಡು ಥಾನು ಬಟ್ಟೆನೂ ಸಾಲಲ್ಲ" ಎಂದಾಗ ಎಲ್ಲರೂ ಚಾವಣಿ ಹಾರುವಂತೆ ನಕ್ಕರು. ಆಮೇಲೆ ಅವನು ನಿಮ್ಮನ್ನು ಎತ್ತಿ ಒಗೆದ. ಆದರೂ ಜನ ಎದ್ದು ನಿಂತು ಕೂಗಿದ್ದು "ದರ್ಜಿ! ದರ್ಜಿ!" ಎಂದೇ. ಗಂಟಲು ಕಟ್ಟುವವರೆಗೆ ನಾನೂ ಕೂಗಿದೆ.

ನೀವು ಬಟ್ಟೆ ಹೊಲಿಯುವ ದರ್ಜಿಯೆಂದು ಮದುವೆಯಲ್ಲಿ ನನ್ನ ಗಂಡನ ತಾಯಿಗೆ ಹೇಳಿದ್ದ ಸುಳ್ಳನ್ನು ಬೆಳಿಗ್ಗೆ ಒಪ್ಪಿಕೊಂಡೆ. ಅವರೂ ನಿಮ್ಮ ಆಟ ನೋಡಬೇಕಂತೆ. ಮೊದಲ ಸಾಲಿನಲ್ಲಿ ಎರಡು ಜಾಗ ಹಿಡಿದಿಡಿ. ಸೊಂಟಕ್ಕೆ ಶಾಖ ಕೊಟ್ಟುಕೊಳ್ಳಿ.

ನಿಮ್ಮ ಮಗಳು